ಉಪಗ್ರಹ ತಾನಾಗಿಯೇ ಸರಿದು ಇನ್ನೊಂದಕ್ಕೆ ಗುದ್ದಿದರೆ ತಪ್ಪು ಯಾರದು?

ಕಕ್ಷೆಗಾರ:
ಸಣ್ಣ ಉಪಗ್ರಹವೊಂದಕ್ಕೆ ತಂತ್ರಾಂಶ ಬರೆಯುತ್ತಿದ್ದೇನೆ. ಬಾಹ್ಯಾಕಾಶದ ಅವಶೇಷವೊಂದು ಹತ್ತಿರ ಬರುತ್ತಿದೆ ಎಂದು ಗೊತ್ತಾದರೆ ಭೂಕೇಂದ್ರದ ಅಪ್ಪಣೆಗೆ ಕಾಯದೆ ಉಪಗ್ರಹವೇ ತನ್ನ ಥ್ರಸ್ಟರ್ (ಸಣ್ಣ ಎಂಜಿನ್) ಉರಿಸಿ ಪಕ್ಕಕ್ಕೆ ಸರಿಯಬೇಕು. ಪರೀಕ್ಷೆಯಲ್ಲಿ ಲಕ್ಷಣವಾಗಿ ಸರಿಯುತ್ತಿದೆ. ಮೊನ್ನೆ ಪರವಾನಗಿಯ ಕಡತ ನೋಡುವ ವಕೀಲರು ನನ್ನ ಮೇಜಿನ ಬಳಿ ಬಂದು, "ಸರಿದ ಜಾಗದಲ್ಲಿ ಬೇರೆಯವರ ಉಪಗ್ರಹವಿದ್ದರೆ?" ಎಂದರು. ಅದನ್ನೂ ಲೆಕ್ಕ ಹಾಕುತ್ತದೆ ಎಂದೆ. "ಲೆಕ್ಕ ತಪ್ಪಿದರೆ ಯಾರ ತಪ್ಪೆಂದು ಬರೆಯಲಿ?" ಎಂದರು. ಆ ಖಾನೆ ಇನ್ನೂ ಖಾಲಿಯಿದೆ. ಐರೋಪ್ಯ ಒಕ್ಕೂಟದ ಕೃತಕ ಬುದ್ಧಿಮತ್ತೆ ಕಾಯ್ದೆಯಲ್ಲಿ ಇದಕ್ಕೆ ಉತ್ತರವಿದೆಯೇ?

ಹಳೆಯ ಕಡತ:
ಅಲ್ಲಿ ಹುಡುಕಬೇಡಿ. 2024ರ ಆಗಸ್ಟ್ 1ರಂದು ಜಾರಿಗೆ ಬಂದ ಆ ಕಾಯ್ದೆ ನಷ್ಟ ಕಟ್ಟಿಕೊಡುವವರು ಯಾರೆಂದು ಹೇಳುವುದಿಲ್ಲ. ನಿಮಗೆ ಬೇಕಾದದ್ದು 1972ರ ಹೊಣೆಗಾರಿಕೆ ಒಪ್ಪಂದ. ಉಪಗ್ರಹ ನೆಲದ ಮೇಲೆ ಬಿದ್ದು ಹಾನಿಯಾದರೆ ತಪ್ಪನ್ನು ಸಾಬೀತುಪಡಿಸುವ ಅಗತ್ಯವಿಲ್ಲ, ಉಡಾವಣಾ ರಾಷ್ಟ್ರವೇ ಹೊಣೆ. 1978ರಲ್ಲಿ ಪರಮಾಣು ರಿಯಾಕ್ಟರ್ ಹೊತ್ತ ಸೋವಿಯತ್ ಉಪಗ್ರಹ ಕಾಸ್ಮಾಸ್ 954 ಕೆನಡಾದ ಹಿಮದಲ್ಲಿ ಚೂರಾಗಿ ಬಿತ್ತು. 1981ರಲ್ಲಿ 30 ಲಕ್ಷ ಕೆನಡಿಯನ್ ಡಾಲರಿಗೆ ರಾಜಿಯಾಯಿತು. ಆದರೆ ಕಕ್ಷೆಯಲ್ಲಿ ಡಿಕ್ಕಿಯಾದರೆ ಆ ರಾಷ್ಟ್ರದ ಅಥವಾ ಅದು ಹೊಣೆ ಹೊತ್ತ ವ್ಯಕ್ತಿಗಳ ತಪ್ಪನ್ನು ತೋರಿಸಬೇಕು. ವ್ಯಕ್ತಿಗಳ ತಪ್ಪು! ನಿಮ್ಮ ತಂತ್ರಾಂಶ ವ್ಯಕ್ತಿಯಲ್ಲ, ನೀವು ವ್ಯಕ್ತಿ. ಖಾಸಗಿ ಉಪಗ್ರಹಕ್ಕೂ ಸರ್ಕಾರವೇ ಅನುಮತಿ ಕೊಟ್ಟು ನಿಗಾ ಇಡಬೇಕೆಂದು 1967ರ ಬಾಹ್ಯಾಕಾಶ ಒಪ್ಪಂದ ಹೇಳುತ್ತದೆ. ವಕೀಲರು ನಿಮ್ಮ ಮೇಜಿನವರೆಗೆ ಬಂದದ್ದು ಅದಕ್ಕೇ.

ರಾತ್ರಿಪಾಳಿ:
ಭೂಕೇಂದ್ರದಲ್ಲಿ ಕುಳಿತವನ ಮಾತು ಇದು. ಹಡಗುಗಳಿಗೆ ಯಾರು ಯಾರಿಗೆ ದಾರಿ ಬಿಡಬೇಕೆಂಬ ಅಂತಾರಾಷ್ಟ್ರೀಯ ನಿಯಮವಿದೆ, ಕಕ್ಷೆಯಲ್ಲಿ ಅಂಥದ್ದಿಲ್ಲ. 2019ರ ಸೆಪ್ಟೆಂಬರಿನಲ್ಲಿ ಐರೋಪ್ಯ ಬಾಹ್ಯಾಕಾಶ ಸಂಸ್ಥೆ ತನ್ನ ಇಯೋಲಸ್ ಉಪಗ್ರಹವನ್ನು ಒಂದು ಸ್ಟಾರ್‌ಲಿಂಕ್ ಉಪಗ್ರಹದ ದಾರಿಯಿಂದ ಸರಿಸಿತು. ಆಗ ಎರಡೂ ಕಡೆ ಮನುಷ್ಯರಿದ್ದರು, ಮಾತುಕತೆ ಇಮೇಲ್‌ನಲ್ಲಿ ನಡೆಯಿತು. ಎರಡೂ ಕಡೆ ನಿಮ್ಮಂಥ ತಂತ್ರಾಂಶವಿದ್ದು, ಎರಡೂ ಒಂದೇ ಬದಿಗೆ ಹೊರಳಿದರೆ? ಎದುರು ಬದುರಾದ ಇಬ್ಬರು ದಾರಿ ಬಿಡಲು ಹೋಗಿ ಮತ್ತೆ ಎದುರಾದಂತೆ. ಆದ್ದರಿಂದ ಸರಿಯುವ ಮೊದಲು ತನ್ನ ಯೋಜನೆಯನ್ನು ಪ್ರಕಟಿಸುವಂತೆ ಮಾಡಿ. ಯಾವ ಎಚ್ಚರಿಕೆ ಎಷ್ಟು ಹೊತ್ತಿಗೆ ಬಂತು, ಡಿಕ್ಕಿಯ ಸಂಭವ 10,000ಕ್ಕೆ 1 ಎಂಬ ಮಿತಿಯನ್ನು ಯಾವಾಗ ದಾಟಿತು, ಯಾವ ಪರ್ಯಾಯವನ್ನು ಏಕೆ ಕೈಬಿಟ್ಟಿತು, ಎಲ್ಲವೂ ದಾಖಲಾಗಲಿ. ತಪ್ಪಿಲ್ಲವೆಂದು ತೋರಿಸಲು ನಿಮ್ಮ ಕೈಯಲ್ಲಿ ಬೇರೇನೂ ಇರುವುದಿಲ್ಲ.

ಕಕ್ಷೆಗಾರ:
ಮೆಮೊರಿ ಸಾಲದೆಂದು ಕೈಬಿಟ್ಟ ಪರ್ಯಾಯಗಳ ದಾಖಲೆಯನ್ನೇ ಕಳೆದ ತಿಂಗಳು ತೆಗೆದುಹಾಕಿದ್ದೆ. ಚೊಕ್ಕಟವಾಯಿತೆಂದು ಹೆಮ್ಮೆಪಟ್ಟುಕೊಂಡೂ ಇದ್ದೆ. ಇಂದು ಮರಳಿ ಸೇರಿಸುತ್ತಿದ್ದೇನೆ. ಎಷ್ಟು ಕಾಲ ಇಟ್ಟುಕೊಳ್ಳಬೇಕು?

ಹಳೆಯ ಕಡತ:
ಪರಿಹಾರ ಕೇಳಲು ಹಾನಿಯಾದ ದಿನದಿಂದ 1 ವರ್ಷ. ಹೊಣೆಗಾರ ರಾಷ್ಟ್ರ ಯಾವುದೆಂದು ತಡವಾಗಿ ಗೊತ್ತಾದರೆ ಎಣಿಕೆ ಆ ದಿನದಿಂದ. ಉಪಗ್ರಹದಲ್ಲಿ ಅಳಿಸಿಕೊಳ್ಳಿ, ನೆಲದ ಪ್ರತಿಯನ್ನು ಮುಟ್ಟಬೇಡಿ.