ಮುತ್ತಾತನ ಅಪ್ಪನ ಹೆಸರು ಎಲ್ಲಿ ಸಿಗುತ್ತದೆ? ರೆಕಾರ್ಡ್ ರೂಮಿನ ಸರ್‌ಗೆ ಪ್ರಶ್ನೆಗಳು

ಪ್ರಶ್ನೆ (ಚಿಂತಾಮಣಿ ತಾಲ್ಲೂಕಿನವರು, ಈಗ ಬೆಂಗಳೂರು)

ಸರ್ ನಮಸ್ಕಾರ. ದೊಡ್ಡಪ್ಪ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಒಂದು ಹಳೇ ಕ್ರಯಪತ್ರ ಸಿಕ್ಕಿದೆ. ನಮ್ಮ ತಾತನ ಅಪ್ಪ ಮುನಿಯಪ್ಪನವರು ಎರಡು ಎಕರೆ ಚಿಲ್ಲರೆ ಹೊಲ ಕೊಂಡಿದ್ದು. ಇಸವಿ ಇಲ್ಲ, ‘ಬಹುಧಾನ್ಯ ಸಂವತ್ಸರದ ಮಾಘ ಶುದ್ಧ ಪಂಚಮಿ’ ಅಂತ ಇದೆ. ಮುನಿಯಪ್ಪನವರ ಅಪ್ಪನ ಹೆಸರಿರುವ ಜಾಗದಲ್ಲೇ ಮಡಿಕೆ ಬಿದ್ದು ಕಾಗದ ಹರಿದು ಹೋಗಿದೆ. ಬಹುಧಾನ್ಯ ಅಂದರೆ 1878 ಅಂತ ಒಬ್ಬರು ಹೇಳಿದರು, ನಮ್ಮ ತಾತ ಹುಟ್ಟಿದ್ದು 1930ರ ಸುಮಾರಿಗೆ, ಹೊಂದುತ್ತಿಲ್ಲ. ಆ ಹೊಲ ತಾತನ ಕಾಲದಲ್ಲೇ ಮಾರಿಹೋಯಿತು, ಈಗ ಊರಲ್ಲಿ ನಮಗೆ ಏನೂ ಇಲ್ಲ. ವಂಶವೃಕ್ಷ ಕೇಳಲು ಹೋದರೆ ಮರಣ ಪ್ರಮಾಣಪತ್ರ ತನ್ನಿ ಅಂದರು. ನನಗೆ ಜಮೀನು ಬೇಡ ಸರ್, ನಮ್ಮವರು ಯಾರು ಅಂತ ತಿಳಿದರೆ ಸಾಕು.

ಉತ್ತರ

ಮೊದಲು ಸಂವತ್ಸರದ ವಿಷಯ. 60 ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ, ಎಷ್ಟೋ ಜನ ಇಲ್ಲೇ ಎಡವುವುದು. ಹಿರಿಯರು ಧಾತು ಈಶ್ವರ ಬರ ಅಂತಾರಲ್ಲ, 1876–78ರದ್ದು, ಅದು ಮುಗಿದ ಮೇಲೆ ಬಂದಿದ್ದೇ ಒಂದು ಬಹುಧಾನ್ಯ, 1878–79. ಇನ್ನೊಂದು 1938–39. ನಿಮ್ಮ ತಾತನ ವಯಸ್ಸು ನೋಡಿದರೆ ಎರಡನೆಯದೇ ಸರಿ. ಸಂವತ್ಸರ ಯುಗಾದಿಯಿಂದ ಯುಗಾದಿಗೆ ಹೋಗುವುದರಿಂದ ಮಾಘ ಮಾಸ ಮುಂದಿನ ಇಸವಿಗೆ ಬೀಳುತ್ತದೆ. ಅಂದರೆ ನಿಮ್ಮ ಪತ್ರ 1939ರ ಶುರುವಿನದು. 1938ರ ಪುಸ್ತಕ ತೆಗೆಸಿ ಸಿಗಲಿಲ್ಲ ಅಂತ ವಾಪಸ್ ಬರಬೇಡಿ.

ಈಗ ಪತ್ರ ತಿರುಗಿಸಿ ಹಿಂದುಗಡೆ ನೋಡಿ. ನೋಂದಣಿ ಆಗಿದ್ದರೆ ಸಬ್ ರಿಜಿಸ್ಟ್ರಾರ್ ಬರಹ ಇರುತ್ತದೆ: ದಾಖಲೆ ಸಂಖ್ಯೆ, ಪುಸ್ತಕ, ಸಂಪುಟ, ಪುಟ. ಆ ಸಾಲು ಇದ್ದರೆ ನಿಮ್ಮ ಅರ್ಧ ಕೆಲಸ ಆಯಿತು. ಯಾಕೆಂದರೆ ಪೂರ್ತಿ ಪತ್ರವನ್ನು ಅವರ 1ನೇ ಪುಸ್ತಕದಲ್ಲಿ ನಕಲು ಮಾಡಿಟ್ಟಿರುತ್ತಾರೆ, ನಿಮ್ಮ ಮಡಿಕೆಯಲ್ಲಿ ಹರಿದು ಹೋದ ಹೆಸರು ಅಲ್ಲಿ ಹಾಗೇ ಇರಬೇಕು. 1ನೇ ಪುಸ್ತಕ ಸ್ಥಿರಾಸ್ತಿಯದು, ಫೀಸು ಕಟ್ಟಿ ಯಾರು ಬೇಕಾದರೂ ದೃಢೀಕೃತ ನಕಲು ಕೇಳಬಹುದು, ಈಗ ನಿಮಗೆ ಜಮೀನು ಇರಲೇಬೇಕು ಅಂತಿಲ್ಲ. ನಂಬರ್ ಅಳಿಸಿ ಹೋಗಿದ್ದರೆ ಇಂಡೆಕ್ಸ್ ನೋಡಿಸಿ. ಒಂದು ಇಂಡೆಕ್ಸ್ ಜನರ ಹೆಸರಿನ ಮೇಲೆ, ಇನ್ನೊಂದು ಆಸ್ತಿಯ ಮೇಲೆ. ನಮ್ಮ ಕಡೆ ಊರಿಗೆ ಹತ್ತು ಜನ ಮುನಿಯಪ್ಪ, ಅದಕ್ಕೆ ಆಸ್ತಿಯ ಇಂಡೆಕ್ಸೇ ಹಿಡಿಯಿರಿ. 31 ವರ್ಷ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇದ್ದು ನಾನು ಕಲಿತಿದ್ದು ಇದನ್ನೇ: ಹೆಸರು ಹಿಡಿದು ಹುಡುಕಿದವರು ಸುತ್ತುತ್ತಾರೆ, ಸರ್ವೆ ನಂಬರ್ ಹಿಡಿದವರಿಗೆ ಸಿಗುತ್ತದೆ.

ಜೊತೆಗೇ ತಾಲ್ಲೂಕು ಕಚೇರಿಗೂ ಒಂದು ಅರ್ಜಿ ಕೊಡಿ. ಅದೇ ಸರ್ವೆ ನಂಬರಿನ ಕೈಬರಹದ ಪಹಣಿ, ಎಂಆರ್ (ಖಾತೆ ಬದಲಾವಣೆ ಬರೆದಿಡುವ ಮ್ಯುಟೇಶನ್ ರಿಜಿಸ್ಟರ್), ಅದಕ್ಕೂ ಹಿಂದಿನ ಐಎಲ್ ಆರ್‌ಆರ್ (ಜಮೀನುಗಳ ಹಳೇ ಹಕ್ಕು ದಾಖಲೆ ಪುಸ್ತಕ) ಕೇಳಿ. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 10ರಲ್ಲಿ ಅವರಿಗೆ ಹೇಗೆ ಬಂತು ಅನ್ನುವುದು ಇರುತ್ತದೆ. ಆ 10ನೇ ಕಾಲಂನ ಎಂಆರ್ ನಂಬರ್ ಹಿಡಿದು ಒಂದೊಂದೇ ಮೆಟ್ಟಿಲು ಹಿಂದಕ್ಕೆ ಹೋಗಿ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ. ಅದಕ್ಕೆ ಮುಂಚೆ ನೀವೆಲ್ಲ ಕೋಲಾರ ಜಿಲ್ಲೆ, ಜಿಲ್ಲಾ ಮಟ್ಟದ ಹಳೇ ಕಡತ ಬೇಕಾದರೆ ಕೋಲಾರದಲ್ಲೂ ವಿಚಾರಿಸಿ.

ವಂಶವೃಕ್ಷದ ಪ್ರಮಾಣಪತ್ರ ಪೌತಿ ಖಾತೆ (ತೀರಿಕೊಂಡವರ ಖಾತೆ ವಾರಸುದಾರರ ಹೆಸರಿಗೆ ಮಾಡಿಸುವುದು), ವಾರಸುದಾರಿಕೆಗೆ ಅಂತ ಇರುವುದು. ನಿಮ್ಮ ಕೆಲಸಕ್ಕೆ ಅದು ಬೇಕಿಲ್ಲ, ಅದರ ಹಿಂದೆ ಸುಮ್ನೆ ಓಡಾಡಬೇಡಿ.

ಪ್ರಶ್ನೆ (ಮಧುಗಿರಿಯಿಂದ)

ಸರ್, ನನಗೆ ಬೇಕಿರುವುದು ಅಜ್ಜಿಯ ತವರು. ಪಹಣಿ, ಪತ್ರ ಎಲ್ಲಾ ನೋಡಿದೆ, ಬರೀ ಗಂಡಸರ ಹೆಸರು. ಒಂದೇ ಕಡೆ ಅಜ್ಜಿ ಹೆಸರಿದೆ, ಅದೂ ‘ಕೋಂ’ ಅಂತ ಹಾಕಿ ತಾತನ ಹೆಸರು.

ಉತ್ತರ

ನಿಜ ತಾಯಿ. ಗಂಡಸಾದರೆ ‘ಬಿನ್’ ಅಂತ ಹಾಕಿ ಅಪ್ಪನ ಹೆಸರು ಬರೆದರು. ಮದುವೆಯಾದ ಹೆಣ್ಣಿಗೆ ‘ಕೋಂ’ ಅಂತ ಗಂಡನ ಹೆಸರು ಬರೆದು ಅವಳ ತವರನ್ನೇ ಅಳಿಸಿಬಿಟ್ಟರು. ಈ ಕೆಲಸದಲ್ಲಿ ನನಗೆ ಜಾಸ್ತಿ ನೋವು ಕೊಟ್ಟಿದ್ದು ಇದೇ. 1994ರಲ್ಲಿ ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಪಾಲು ಅಂತ ಕಾನೂನು ಬಂತು, 2005ರಲ್ಲಿ ದೇಶಕ್ಕೆಲ್ಲ ಬಂತು. ಆಮೇಲಿನ ವಿಭಾಗ ಪತ್ರ, ಹಕ್ಕು ಬಿಡುಗಡೆ ಪತ್ರಗಳಲ್ಲಿ ಹೆಣ್ಣುಮಕ್ಕಳ ಹೆಸರು ಕಾಣುತ್ತದೆ. ಅಜ್ಜಿಯ ಅಣ್ಣತಮ್ಮಂದಿರ ಮನೆಯಲ್ಲಿ ಭಾಗ ಆದಾಗಿನ ಪತ್ರ ಇದೆಯಾ ಅಂತ ಕೇಳಿ.

ಅಣ್ಣತಮ್ಮಂದಿರೇ ಯಾರು ಅಂತ ಗೊತ್ತಿಲ್ಲದಿದ್ದರೆ ಮನೆಯ ಅಟ್ಟ ಹತ್ತಿ. ಹಿತ್ತಾಳೆ ಬಿಂದಿಗೆ, ತಪ್ಪಲೆ, ತಾಮ್ರದ ಹಂಡೆ ಎಲ್ಲಾ ತೊಳೆದು ಕಂಠದ ಸುತ್ತ ನೋಡಿ. ಮದುವೆಯಲ್ಲಿ ಕೊಟ್ಟ ಪಾತ್ರೆಗೆ ಕೊಟ್ಟವರ ಹೆಸರು, ಕೆಲವು ಸಲ ಊರು, ಇಸವಿ ಕೂಡ ಚುಕ್ಕಿ ಚುಕ್ಕಿಯಾಗಿ ಕೊರೆಸಿರುತ್ತಾರೆ. ಮದುವೆಯಲ್ಲಿ ಯಾರು ಏನು ಉಡುಗೊರೆ ಕೊಟ್ಟರು ಅಂತ ಬರೆದಿಡುವ ಮುಯ್ಯಿ ಪುಸ್ತಕ ಇದ್ದರೆ ಅದಂತೂ ಚಿನ್ನ. ಅಜ್ಜಿ ಮದುವೆಯದೇ ಆಗಬೇಕಿಲ್ಲ, ಅವರ ಮಕ್ಕಳ ಮದುವೆಯ ಪುಸ್ತಕದಲ್ಲಿ ಸೋದರಮಾವ ಹಾಕಿದ ಮುಯ್ಯಿ ಇದ್ದೇ ಇರುತ್ತದೆ ಅಲ್ವಾ, ಅವರ ಊರಿನ ಸಮೇತ. ಆ ಊರು ಗೊತ್ತಾದರೆ ತವರು ಸಿಕ್ಕಹಾಗೆ.

ಪ್ರಶ್ನೆ (ಶ್ರೀನಿವಾಸಪುರದಿಂದ)

ನಮ್ಮ ಮನೆಗೆ ಮುಂಚೆ ಎತ್ತಿನ ಮೇಲೆ ಕೂತು ಬಂದು ವಂಶ ಹೇಳುವವರಿದ್ದರು. ಅವರು ಹೇಳಿದ್ದನ್ನು ನಂಬಬಹುದಾ ಅಣ್ಣ?

ಉತ್ತರ

ಹೆಳವರು. ನಿಮ್ಮ ಕಡೆ ತೆಲುಗು ಮನೆಗಳಲ್ಲಿ ಪಿಚ್ಚಿಗುಂಟ್ಲವರು ಅಂತಾರೆ. ಮನೆತನಗಳ ಲೆಕ್ಕ ಇಡುವುದೇ ಅವರ ಕಸುಬು, ಕಾಗದದಲ್ಲಿ ಇಲ್ಲದ ತಲೆಮಾರು ಅವರ ಬಾಯಲ್ಲಿ ಇರಬಹುದು. ಬಂದರೆ ಕೂರಿಸಿ, ಊಟ ಹಾಕಿ, ಒಪ್ಪಿಗೆ ಕೇಳಿ ಫೋನಿನಲ್ಲಿ ಧ್ವನಿ ರೆಕಾರ್ಡ್ ಮಾಡಿಕೊಳ್ಳಿ, ಧಾನ್ಯವೋ ದುಡ್ಡೋ ಕೈತುಂಬ ಕೊಟ್ಟು ಕಳಿಸಿ. ಹತ್ತಿರದ ಮೂರು ತಲೆಮಾರನ್ನು ಪಹಣಿ, ಶಾಲೆಯ ದಾಖಲಾತಿ ಪುಸ್ತಕದ ಜೊತೆ ತಾಳೆ ನೋಡಿ. ಅವು ಹೊಂದಿದರೆ ಮೇಲಿನದನ್ನು ಗೌರವದಿಂದ ಬರೆದಿಟ್ಟುಕೊಳ್ಳಿ, ಪಕ್ಕದಲ್ಲಿ ‘ಹೆಳವರು ಹೇಳಿದ್ದು’ ಅಂತ ಗುರುತು ಹಾಕಿ.

ಎಲ್ಲರಿಗೂ ಒಂದು ಮಾತು. ನಮ್ಮ ಈ ಗುಂಪಿನಲ್ಲಿ ಪ್ರಶ್ನೆ ಕೇಳುವಾಗ ಊರು, ಹೋಬಳಿ, ಮನೆದೇವರು, ಇಲ್ಲಿವರೆಗೆ ಏನೇನು ನೋಡಿದ್ದೀರಿ ಅಂತ ಬರೆಯಿರಿ. ಬದುಕಿರುವವರ ಆಧಾರ್, ಹುಟ್ಟಿದ ದಿನ, ಫೋಟೋ ದಯವಿಟ್ಟು ಹಾಕಬೇಡಿ. ನಿನ್ನೆ ಒಬ್ಬರು ಹಾಕಿದ್ದನ್ನು ತೆಗೆಸಿದ್ದೇವೆ.

ಮೊದಲು ಕೇಳಿದವರು, ಮೂರು ವಾರ ಆದ ಮೇಲೆ

ಸರ್, ನಕಲು ಸಿಕ್ಕಿತು! ‘ಮುನಿಯಪ್ಪ ಬಿನ್ ದೊಡ್ಡ ವೆಂಕಟಪ್ಪ’. ನೀವು ಹೇಳಿದ ಹಾಗೇ 1939. ಕಚೇರಿಯ ಮೆಟ್ಟಿಲ ಮೇಲೇ ಕೂತು ನಾಲ್ಕೈದು ಸಲ ಓದಿದೆ. ನಮ್ಮ ಅಪ್ಪನಿಗೂ ಈ ಹೆಸರು ಗೊತ್ತಿರಲಿಲ್ಲ.

ಉತ್ತರ

ತುಂಬಾ ಸಂತೋಷ ಆಯಿತು. ದೊಡ್ಡ ಅಂತ ಇದೆ ಅಂದರೆ ಚಿಕ್ಕ ವೆಂಕಟಪ್ಪ ಒಬ್ಬರು ಇದ್ದಿರಬೇಕು. ಪತ್ರದ ಚಕ್ಕುಬಂದಿ ಓದಿದ್ದೀರಾ?

ಮೊದಲು ಕೇಳಿದವರು

ಅದು ನಮ್ಮ ಹಳೇ ಪತ್ರದಲ್ಲೂ ಚೆನ್ನಾಗೇ ಕಾಣುತ್ತಿತ್ತು ಸರ್, ಬರೀ ಹೊಲದ ಗಡಿ ಅಂತ ಓದದೆ ಬಿಟ್ಟಿದ್ದೆ. ‘ಪೂರ್ವಕ್ಕೆ ಚಿಕ್ಕ ವೆಂಕಟಪ್ಪನ ಜಮೀನು’.

ಉತ್ತರ

ಹಾಗಾದರೆ ಗ್ರಾಮ ನಕಾಶೆ ತೆಗೆದು ಪೂರ್ವಕ್ಕಿರುವ ಸರ್ವೆ ನಂಬರ್ ಯಾವುದು ನೋಡಿ, ಅದರ ಈವತ್ತಿನ ಪಹಣಿ ತೆಗೆಯಿರಿ. 9ನೇ ಕಾಲಂನಲ್ಲಿ ಯಾರಿದ್ದಾರೋ ಅವರ ಮನೆಗೆ ಹೋಗಿ. ಜಮೀನು ಕೇಳಲು ಬಂದಿಲ್ಲ ಅಂತ ಮೊದಲೇ ಹೇಳಿಬಿಡಿ, ಆಮೇಲೆ ಮನೆದೇವರು ಯಾವುದು ಅಂತ ಕೇಳಿ. ನಿಮ್ಮದೇ ದೇವರಾದರೆ ನನಗೊಂದು ಫೋನ್ ಮಾಡಿ.