ಟಿಸಿ (ಟ್ರಾನ್ಸ್‌ಫಾರ್ಮರ್) ಪಕ್ಕದ ತೋಟದಲ್ಲಿ ಮೆಟಲ್ ಡಿಟೆಕ್ಟರ್ ಕಿರುಚಾಟ: ಸೆನ್ಸಿಟಿವಿಟಿ ಇಳಿಸಿದರೆ ಆಳ ಎಷ್ಟು ಹೋಗುತ್ತೆ?

ತೋಟದಮನೆ:
ಅಡಿಕೆ ತೋಟದಲ್ಲಿ ಮಾಂಗಲ್ಯ ಸರ ಬಿದ್ದುಹೋಗಿದೆ. ಆಮೇಲೆ ಗೊಬ್ಬರ ಹಾಕಿ ಮಣ್ಣು ಮುಚ್ಚಿದ್ದರಿಂದ ನಾಲ್ಕೈದು ಇಂಚು ಕೆಳಗಿರಬಹುದು. ಡಿಟೆಕ್ಟರ್ 15 ಕಿಲೋಹರ್ಟ್ಸ್‌ನ ವಿಎಲ್‌ಎಫ್ (ಒಂದೇ ಸಮನೆ ಕಡಿಮೆ ಫ್ರೀಕ್ವೆನ್ಸಿಯ ಕಾಂತಕ್ಷೇತ್ರ ಹೊರಡಿಸೋ ಬಗೆ), 11 ಇಂಚಿನ ಡಬಲ್-ಡಿ ಕಾಯಿಲ್ (ಡಿ ಆಕಾರದ ಎರಡು ಸುರುಳಿ ಇರೋ ತಟ್ಟೆ). ತೋಟದ ಒಂದು ಅಂಚಲ್ಲಿ 11 ಕೆವಿ ಲೈನ್ ಮತ್ತು ಟಿಸಿ, ಇನ್ನೊಂದು ಅಂಚಲ್ಲಿ ಆನೆಗೆ ಹಾಕಿದ ಸೋಲಾರ್ ಬೇಲಿ. ಸೆನ್ಸಿಟಿವಿಟಿ ಪೂರ್ತಿ ಇಟ್ಟರೆ ಒಂದೇ ಸಮ ಕಿರುಚುತ್ತೆ. ಅರ್ಧಕ್ಕೆ ಇಳಿಸಿದರೆ ಸುಮ್ಮನಾಗುತ್ತೆ. ಹಾಗೆ ಮಾಡಿದರೆ ಆಳವೂ ಅರ್ಧ ಆಗುತ್ತಾ?

ಸುರುಳಿ:
ಅರ್ಧ ಆಗಲ್ಲ. ಕಾಯಿಲ್‌ನಿಂದ ಹೊರಟ ಕಾಂತಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತೆ, ಲೋಹದಿಂದ ವಾಪಸ್ ಬರುವಾಗ ಮತ್ತೆ ಅಷ್ಟೇ ಕುಗ್ಗುತ್ತೆ. ಒಟ್ಟು ಆರನೇ ಘಾತ. ಹಾಗಾಗಿ ಸಿಗ್ನಲ್ ಅರ್ಧವಾದರೆ ಆಳದಲ್ಲಿ ಹೋಗೋದು ಸುಮಾರು ಶೇ. 11 ಮಾತ್ರ. ಇಳಿಸಿ, ನಿಧಾನವಾಗಿ ಹುಡುಕಿ.

ಕಡಲತಡಿ:
ಸುರುಳಿಯವರೇ, ಆ ಲೆಕ್ಕ ಸರಿಹೊಂದೋದು ಆಳ ಕಾಯಿಲ್‌ನ ತ್ರಿಜ್ಯಕ್ಕಿಂತ ತುಂಬಾ ಹೆಚ್ಚಿದ್ದಾಗ. 11 ಇಂಚಿನ ಕಾಯಿಲ್‌ನ ತ್ರಿಜ್ಯವೇ 14 ಸೆಂ.ಮೀ. ಹತ್ತಿರದಲ್ಲಿ ತ್ರಿಜ್ಯದ ವರ್ಗ ಮತ್ತು ಆಳದ ವರ್ಗ ಕೂಡಿಸಿ ಅದರ ಘನ ತೆಗೆಯಬೇಕು. ಗದ್ದಲವಿಲ್ಲದ ಜಾಗದಲ್ಲಿ 25 ಸೆಂ.ಮೀ. ವರೆಗೆ ಸಿಗೋ ನಾಣ್ಯ, ಸಿಗ್ನಲ್ ಅರ್ಧವಾದರೆ 21ರಲ್ಲಿ ಸಿಗುತ್ತೆ. ಅಷ್ಟು ನಷ್ಟ ತಡೆಯಬಹುದು. ಆದರೆ 12 ಸೆಂ.ಮೀ. ವರೆಗೆ ಮಾತ್ರ ಸಿಗೋ ಸಣ್ಣ ಒಡವೆ 8.6ಕ್ಕೆ ಬರುತ್ತೆ. ಸಿಗ್ನಲ್ ಹತ್ತರಲ್ಲೊಂದು ಪಾಲಾದರೆ ನಾಣ್ಯ 13–14ರಲ್ಲಾದರೂ ಕೇಳಿಸುತ್ತೆ, ಒಡವೆ ಕಾಯಿಲ್‌ನ ನಡುಭಾಗಕ್ಕೆ ತಾಗಿಸಿ ಹಿಡಿದರೂ ಕೇಳಿಸಲ್ಲ. ಸರ ಸೇರೋದು ಈ ಎರಡನೇ ಗುಂಪಿಗೆ. ತೆಳು ಸರದ ಒಂದೊಂದು ಕೊಂಡಿಯನ್ನೂ ಡಿಟೆಕ್ಟರ್ ಬೇರೆ ಬೇರೆ ಚೂರಿನ ಹಾಗೆ ನೋಡುತ್ತೆ. ಸದ್ದು ಕೊಡೋದು ತಾಳಿ ಬಿಲ್ಲೆ ಮತ್ತು ಕೊಕ್ಕೆ.

ಇನ್ನೊಂದು ಮಾತು. ಪರದೆಯಲ್ಲಿ 20 ಇದ್ದದ್ದನ್ನು 10 ಮಾಡಿದರೆ ಸಿಗ್ನಲ್ ಸರಿಯಾಗಿ ಅರ್ಧವಾಯ್ತು ಅಂತ ಅರ್ಥ ಅಲ್ಲ. ಒಂದೊಂದು ಮೆಷಿನ್‌ನಲ್ಲಿ ಆ ಅಂಕಿಯ ಲೆಕ್ಕ ಒಂದೊಂದು ಥರ.

ಲೈನ್ ಕಡೆಯವ:
ಸೆನ್ಸಿಟಿವಿಟಿ ಮುಟ್ಟೋದು ಕೊನೆಗೆ. ಅದು ಗದ್ದಲವನ್ನೂ ಸಿಗ್ನಲನ್ನೂ ಒಟ್ಟಿಗೆ ಮರೆಮಾಡುತ್ತೆ ಅಷ್ಟೆ, ಎರಡರ ನಡುವಿನ ಅಂತರ ಹಾಗೇ ಉಳಿಯುತ್ತೆ. ಮೊದಲು ಮೂಲ ಹುಡುಕಿ.

11 ಕೆವಿ ಅನ್ನೋ ವೋಲ್ಟೇಜ್‌ಗೆ ಹೆದರಬೇಡಿ. ಕಾಯಿಲ್ ಒಳಗಿನ ಶೀಲ್ಡ್ ವಿದ್ಯುತ್ ಕ್ಷೇತ್ರವನ್ನು ಬಹುಮಟ್ಟಿಗೆ ತಡೆಯುತ್ತೆ. ಅದು ತಡೆಯದೇ ಇರೋದು ಕಾಂತಕ್ಷೇತ್ರವನ್ನು, ಅದು ತಂತಿಯಲ್ಲಿ ಹರಿಯೋ ಕರೆಂಟಿನ ಮೇಲೆ ನಿಂತಿದೆ. ಐಪಿ ಸೆಟ್‌ಗೆ (ನೀರಾವರಿ ಪಂಪ್‌ಗೆ) ತ್ರೀ ಫೇಸ್ ಕೊಡೋ ಹೊತ್ತು ಬಿಟ್ಟು ಹುಡುಕಿ, ಲೋಡ್ ಇಲ್ಲದ ಲೈನ್ ಬಹಳ ಶಾಂತ. ಹತ್ತಿರದಲ್ಲಿ ಸೋಲಾರ್ ಪಂಪ್ ಇದ್ದರೆ ಅದರ ವಿಎಫ್‌ಡಿ (ಮೋಟರ್‌ನ ವೇಗ ಹಿಡಿತದಲ್ಲಿಡೋ ಪೆಟ್ಟಿಗೆ) ಆಫ್ ಮಾಡಿಸಿ. ಅದರ ಸ್ವಿಚಿಂಗ್ ಸಾಮಾನ್ಯವಾಗಿ 2ರಿಂದ 16 ಕಿಲೋಹರ್ಟ್ಸ್, ನೇರ ನಿಮ್ಮ ಮೆಷಿನ್ ಕೆಲಸ ಮಾಡೋ ಜಾಗಕ್ಕೇ ಬಂದು ಕೂರುತ್ತೆ.

ಬೇಲಿಯ ಗುರುತು ಸುಲಭ: ಹೆಚ್ಚುಕಮ್ಮಿ ಸೆಕೆಂಡಿಗೊಂದು ಸಲ ಒಂದೇ ತಾಳದಲ್ಲಿ ಟಿಕ್ ಅನ್ನುತ್ತೆ. ಬೇಲಿಯವರಿಗೆ ಹೇಳಿ ಹಗಲು ಹೊತ್ತಲ್ಲಿ ಎನರ್ಜೈಸರ್ (ಬೇಲಿಗೆ ಶಾಕ್ ಕೊಡೋ ಪೆಟ್ಟಿಗೆ) ಆಫ್ ಮಾಡಿಸಿ. ತಂತಿಗೆ ನೀವೇ ಕೈ ಹಾಕಬೇಡಿ.

ತೋಟದಮನೆ:
ಟಿಸಿಯಿಂದ ಬೋರ್‌ವೆಲ್‌ಗೆ ನೆಲದಡಿಯಲ್ಲಿ ಕೇಬಲ್ ಹೋಗಿದೆ. ಅದರ ಎರಡೂ ಪಕ್ಕ ಗದ್ದಲ ಜಾಸ್ತಿ, ಮೇಲೆ ನಿಂತರೆ ಕಡಿಮೆ. ಇದು ಹೇಗೆ?

ಲೈನ್ ಕಡೆಯವ:
ಅದು ಹಾಗೇ ಇರಬೇಕು. ಮಟ್ಟಸವಾಗಿ ಹಿಡಿದ ಕಾಯಿಲ್ ನೆಟ್ಟಗೆ ಮೇಲೆ ಕೆಳಗೆ ಹಾಯೋ ಕ್ಷೇತ್ರವನ್ನು ಮಾತ್ರ ಹಿಡಿಯುತ್ತೆ. ಕೇಬಲ್‌ನ ನೇರ ಮೇಲೆ ಕ್ಷೇತ್ರ ಅಡ್ಡಡ್ಡ ಇರುತ್ತೆ. ಕಾಯಿಲ್‌ನಿಂದ ಕೇಬಲ್‌ವರೆಗಿನ ಆಳ ಎಷ್ಟೋ ಅಷ್ಟೇ ದೂರ ಪಕ್ಕಕ್ಕೆ ಸರಿದರೆ ಗದ್ದಲ ಗರಿಷ್ಠ. ಮೂರೂ ಫೇಸ್ ಸಮ ಇದ್ದರೆ ಇಷ್ಟು ಕೇಳಿಸಬಾರದು. ಮೋಟರ್ ಕೇಬಲ್ ಎಲ್ಲೋ ಅರ್ತ್‌ಗೆ ಸೋರುತ್ತಿರಬಹುದು, ಎಲೆಕ್ಟ್ರಿಷಿಯನ್ ಕೈಲಿ ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸೋ ಮೀಟರ್) ಹಾಕಿಸಿ ನೋಡಿಸಿ. ಇದು ಸರದ ವಿಷಯಕ್ಕಿಂತ ದೊಡ್ಡದು.

ಸುರುಳಿ:
ಕಡಲತಡಿಯವರ ಲೆಕ್ಕ ಒಪ್ಪಿದೆ. ಹಾಗಾದರೆ ಫ್ರೀಕ್ವೆನ್ಸಿ ಶಿಫ್ಟ್ ಅಥವಾ ನಾಯ್ಸ್ ಕ್ಯಾನ್ಸಲ್ (ಮೆಷಿನ್‌ನ ಫ್ರೀಕ್ವೆನ್ಸಿಯನ್ನು ಚೂರು ಆಚೀಚೆ ಸರಿಸೋ ಸೆಟ್ಟಿಂಗ್) ಮೊದಲು. ಕಾಯಿಲ್ ಅಲ್ಲಾಡಿಸದೆ ಹಿಡಿದು ಒಂದೊಂದೇ ಚಾನೆಲ್ ಕೇಳಿ. ಇಷ್ಟು ಸಣ್ಣ ಬದಲಾವಣೆಯಿಂದ ಅಷ್ಟು ವ್ಯತ್ಯಾಸ ಯಾಕೆ ಅಂದರೆ, ರಿಸೀವರ್ ತನ್ನ ಫ್ರೀಕ್ವೆನ್ಸಿಯ ಆಚೆ ಈಚೆ ಕೆಲವೇ ಹತ್ತು ಹರ್ಟ್ಸ್‌ನಷ್ಟನ್ನು ಮಾತ್ರ ಒಳಗೆ ಬಿಡುತ್ತೆ. ಮೇನ್ಸ್‌ನ ಹಾರ್ಮೋನಿಕ್‌ಗಳು (ಕರೆಂಟಿನ 50 ಹರ್ಟ್ಸ್‌ನ ಎರಡು, ಮೂರು ಹೀಗೆ ಪೂರ್ಣ ಪಟ್ಟುಗಳು) 50 ಹರ್ಟ್ಸ್‌ಗೊಂದರಂತೆ ಸಾಲಾಗಿ ನಿಂತಿರುತ್ತವೆ. ಎರಡರ ನಡುವಿನ ಸಂದಿಗೆ ಹೋದರೆ ಸಾಕು.

ಆದರೆ ಒಮ್ಮೆ ಮಾಡಿ ಮರೆಯೋ ಹಾಗಿಲ್ಲ. ನಮ್ಮ ಗ್ರಿಡ್‌ನ ಫ್ರೀಕ್ವೆನ್ಸಿಗೆ ನಿಗದಿ ಮಾಡಿರೋ ಮಿತಿ 49.90ರಿಂದ 50.05 ಹರ್ಟ್ಸ್. 15 ಕಿಲೋಹರ್ಟ್ಸ್ ಅಂದರೆ ಮುನ್ನೂರನೇ ಹಾರ್ಮೋನಿಕ್. ಗ್ರಿಡ್ 0.1 ಹರ್ಟ್ಸ್ ಜಾರಿದರೆ ಅಲ್ಲಿ 30 ಹರ್ಟ್ಸ್ ಜಾರುತ್ತೆ. ಬೆಳಿಗ್ಗೆ ಶಾಂತವಾಗಿದ್ದ ಚಾನೆಲ್ ಹತ್ತು ಗಂಟೆಗೆ ಕೂಗೋಕೆ ಶುರು ಮಾಡೋದಕ್ಕೆ ಇದೂ ಒಂದು ಕಾರಣ. ಗದ್ದಲ ಏರಿದಾಗಲೆಲ್ಲ ಮತ್ತೆ ಮಾಡಿ.

ಹೊಸಬ_ಕೊಡಗು:
ಮಲ್ಟಿ ಫ್ರೀಕ್ವೆನ್ಸಿ ಮೆಷಿನ್ ಬಾಡಿಗೆಗೆ ತಂದರೆ? ಇಲ್ಲಾ ಆಳಕ್ಕೆ ಹೋಗೋ ಪಲ್ಸ್ ಇಂಡಕ್ಷನ್ (ಬಿಟ್ಟು ಬಿಟ್ಟು ಮಿಡಿತ ಕಳಿಸೋ ಬಗೆ)?

ಕಡಲತಡಿ:
ಪಲ್ಸ್ ಬೇಡ ಮಾರಾಯ್ರೆ. ಅದರ ರಿಸೀವರ್ ವಿಶಾಲ ಬ್ಯಾಂಡ್‌ಗೆ ತೆರೆದಿರುತ್ತೆ, ಲೈನ್, ಬೇಲಿ, ದೂರದ ಸಿಡಿಲು ಎಲ್ಲವೂ ಒಳಗೆ ಬರುತ್ತೆ. ಜಿಪಿಎಕ್ಸ್ 5000 ಅನ್ನೋ ಪಲ್ಸ್ ಮೆಷಿನ್‌ನಲ್ಲಿ ಡಬಲ್-ಡಿ ಕಾಯಿಲ್‌ಗೆ ಕ್ಯಾನ್ಸಲ್ ಅಂತ ಸ್ವಿಚ್ ಇದೆ, ಗದ್ದಲ ಇಳಿಯುತ್ತೆ, ಜತೆಗೆ ಆಳವೂ ಇಳಿಯುತ್ತೆ. ಮೇಲಾಗಿ ತೋಟದ ಮೊಳೆ, ತಂತಿ ಚೂರುಗಳನ್ನೆಲ್ಲ ಅಗೆಯಬೇಕಾಗುತ್ತೆ.

ಮಲ್ಟಿ ತರಬಹುದು, ಆದರೆ ಟಿಸಿ ಹತ್ತಿರ ಮಲ್ಟಿಯಲ್ಲೇ ಓಡಿಸಬೇಕು ಅಂತಿಲ್ಲ. ಏಕಕಾಲಕ್ಕೆ ಹಲವು ಫ್ರೀಕ್ವೆನ್ಸಿ ಕೇಳೋದರಿಂದ ಗದ್ದಲಕ್ಕೂ ಹಲವು ಬಾಗಿಲು. ಇಕ್ವಿನಾಕ್ಸ್ 800 ಅನ್ನೋ ಮಲ್ಟಿ ಮೆಷಿನ್‌ನಲ್ಲಿ 5, 10, 15, 20, 40 ಕಿಲೋಹರ್ಟ್ಸ್ ಬಿಡಿಬಿಡಿಯಾಗಿ ಸಿಗುತ್ತೆ. ತೆಳು ಚಿನ್ನಕ್ಕೆ 20 ಅಥವಾ 40 ಇಡಿ, ಎರಡರಲ್ಲಿ ಯಾವುದು ಶಾಂತವೋ ಅದು. 15ರಲ್ಲೇ ಉಳಿಯೋದಾದರೆ 6 ಇಂಚಿನ ಕಾಯಿಲ್ ಹಾಕಿ. ವಿಸ್ತೀರ್ಣ ಕಡಿಮೆ ಇರೋದರಿಂದ ಹಿಡಿಯೋ ಗದ್ದಲವೂ ಕಡಿಮೆ, ಸಣ್ಣ ಚಿನ್ನಕ್ಕೆ ಚುರುಕು.

ಮಲೆನಾಡ ಮಣ್ಣು:
ಎಲ್ಲರೂ ಕರೆಂಟ್ ಕರೆಂಟ್ ಅಂತಿದ್ದೀರಿ. ಜಂಬಿಟ್ಟಿಗೆ ಮಣ್ಣಾದರೆ ಅರ್ಧ ಗದ್ದಲ ಕಬ್ಬಿಣಾಂಶದ್ದೇ. ಕಾಯಿಲ್ ಸೊಂಟದೆತ್ತರಕ್ಕೆ ಎತ್ತಿ ಸುಮ್ಮನೆ ನಿಲ್ಲಿ. ಆಗಲೂ ಕಿರುಚಿದರೆ ಹೊರಗಿನ ಗದ್ದಲ. ನೆಲದ ಹತ್ತಿರ ಬೀಸಿದಾಗ ಮಾತ್ರ ಕಿರುಚಿದರೆ ಮಣ್ಣು, ಅದಕ್ಕೆ ಮದ್ದು ಗ್ರೌಂಡ್ ಬ್ಯಾಲೆನ್ಸ್ (ಮಣ್ಣಿನ ಸದ್ದನ್ನು ಕಳೆಯೋ ಹೊಂದಾಣಿಕೆ), ಚಾನೆಲ್ ಬದಲಾಯಿಸಿ ಪ್ರಯೋಜನವಿಲ್ಲ. ಇದಕ್ಕೂ ಮುಂಚೆ ಜೇಬಿನ ಮೊಬೈಲ್, ಬ್ಲೂಟೂತ್ ಇಯರ್‌ಫೋನ್, ಸ್ಮಾರ್ಟ್ ವಾಚ್ ತೆಗೆದು ದೂರ ಇಡಿ. ಪಿನ್‌ಪಾಯಿಂಟರ್ (ಕೈಯಲ್ಲಿ ಹಿಡಿಯೋ ಸಣ್ಣ ಡಿಟೆಕ್ಟರ್) ಆಫ್ ಇರಲಿ. ಕಾಯಿಲ್ ಕೇಬಲ್ ದಂಡಕ್ಕೆ ಬಿಗಿಯಾಗಿ ಸುತ್ತಿರಲಿ, ಅದು ಜೋತಾಡಿದರೂ ಸುಳ್ಳು ಸದ್ದು ಬರುತ್ತೆ.

ಕಡಲತಡಿ:
ಇದು ಸರಿಯಾದ ಮಾತು. ಇಷ್ಟಾದ ಮೇಲೆ ಅಂಥದೇ ತೂಕದ ಒಂದು ತಾಳಿ ಬಿಲ್ಲೆಯನ್ನು ದಾರ ಕಟ್ಟಿ ಆ ತೋಟದಲ್ಲೇ 10 ಸೆಂ.ಮೀ. ಹೂತು ಕೇಳಿ. ಅದು ಕೇಳಿಸುವಷ್ಟು ಸೆನ್ಸಿಟಿವಿಟಿಗಿಂತ ಕೆಳಗೆ ಇಳಿಸಲೇಬೇಡಿ. ತೆಳು ಚಿನ್ನ ಪರದೆಯಲ್ಲಿ ಅಲ್ಯೂಮಿನಿಯಂ ಹಾಳೆ ಚೂರಿನ ಅಂಕಿಯಲ್ಲೇ ಬರುತ್ತೆ, ಡಿಸ್ಕ್ರಿಮಿನೇಷನ್ (ಬೇಡದ ಲೋಹ ತಳ್ಳಿಹಾಕೋ ಸೆಟ್ಟಿಂಗ್) ಅಲ್ಲಿವರೆಗೆ ಏರಿಸಬೇಡಿ. ಮರದ ಸಾಲಿಗೆ ಹಗ್ಗ ಎಳೆದು ಅರ್ಧ ಕಾಯಿಲ್ ಮೇಲೊಂದು ಬರುವಂತೆ ಬೀಸಿ, ಆಮೇಲೆ ಅಡ್ಡಲಾಗಿ ಇನ್ನೊಮ್ಮೆ. ಗದ್ದಲ ಅದೇ ಜಾಗದಲ್ಲಿ ಎರಡೂ ದಿಕ್ಕಿಂದ ಬರಲ್ಲ, ಲೋಹ ಬರುತ್ತೆ. ಬಿಲ್ಲೆ ಸಿಕ್ಕಿದರೆ ಸುತ್ತಲ ಒಂದಡಿ ಮಣ್ಣು ಜರಡಿ ಹಿಡಿಯಿರಿ. ತುಂಡಾದ ಸರದ ಉಳಿದ ಕೊಂಡಿಗಳು ಡಿಟೆಕ್ಟರ್‌ಗೆ ಕೇಳಿಸದೇ ಹೋಗಬಹುದು.