ಬಸ್ರಾಕ್ಕೆ ಹೊರಟಿರುವ ತಮ್ಮ: ಏಜೆಂಟರು ಹೇಳುವ ದುಬೈ ದಾರಿ ಸರಿಯೇ?

ಪ್ರಶ್ನೆ (ಕುಂದಾಪುರದಿಂದ)
ನನ್ನ ತಮ್ಮನಿಗೆ ಇರಾಕಿನ ಬಸ್ರಾದಲ್ಲಿ ಎರಡು ವರ್ಷದ ಕರಾರಿನ ಮೇಲೆ ವೆಲ್ಡರ್ ಕೆಲಸ ಸಿಕ್ಕಿದೆ. ಎಸ್ಸೆಸ್ಸೆಲ್ಸಿ ಪಾಸಾಗದ ಕಾರಣ ಅವನದು ಇಸಿಆರ್ ಪಾಸ್‌ಪೋರ್ಟ್, ಅಂದರೆ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ವಲಸೆ ಅನುಮತಿ ಬೇಕಾದದ್ದು. ವಿಸಿಟ್ ವೀಸಾದಲ್ಲಿ ದುಬೈಗೆ ಹೋದರೆ ಅಲ್ಲಿಂದ ಮುಂದಕ್ಕೆ ತಾವೇ ಕಳುಹಿಸುವುದಾಗಿ ಏಜೆಂಟರು ಹೇಳುತ್ತಿದ್ದಾರೆ. ಅಲ್ಲಿ ಗಲಭೆಯಾದರೆ ಊರಿನಲ್ಲಿರುವ ನಾವು ಯಾರನ್ನು ಕೇಳಬೇಕು? ಅವನ ಹೆಂಡತಿ ಈಗ ಐದು ತಿಂಗಳ ಬಸುರಿ.

ಉತ್ತರ 1
ದಯವಿಟ್ಟು ಆ ದಾರಿಯಲ್ಲಿ ಕಳುಹಿಸಬೇಡಿ. ಇಸಿಆರ್ ಪಾಸ್‌ಪೋರ್ಟಿನವರು ಕೆಲಸಕ್ಕೆಂದು ಇರಾಕಿಗೆ ಹೋಗುವಾಗ ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ಮೂಲಕ ವಲಸೆ ಅನುಮತಿ ಪಡೆಯಬೇಕು. ದುಬೈ ಸುತ್ತುವುದು ಅದನ್ನು ತಪ್ಪಿಸಿಕೊಳ್ಳುವ ಹಳೆಯ ಉಪಾಯ. ಅನುಮತಿಯ ಜೊತೆಗೆ ಹೊರದೇಶಕ್ಕೆ ದುಡಿಯಲು ಹೋಗುವವರಿಗಾಗಿ ಇರುವ ಸರ್ಕಾರದ ವಿಮೆ, ಪ್ರವಾಸಿ ಭಾರತೀಯ ಬಿಮಾ ಯೋಜನೆಯ ಪಾಲಿಸಿಯೂ ಆಗುತ್ತದೆ: ಎರಡು ವರ್ಷಕ್ಕೆ ತೆರಿಗೆ ಬಿಟ್ಟು 275 ರೂಪಾಯಿ ಕಂತು, ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಸಂಭವಿಸಿದರೆ 10 ಲಕ್ಷ ರೂಪಾಯಿ ಪರಿಹಾರ. ವಿಸಿಟ್ ವೀಸಾದಲ್ಲಿ ಹೋದವನ ಕರಾರು ಸರ್ಕಾರದ ಯಾವ ದಾಖಲೆಯಲ್ಲಿಯೂ ಇರುವುದಿಲ್ಲ. ಬೇರೆ ವಿಮೆ ಮಾಡಿಸುವುದಾದರೆ ಯುದ್ಧದಿಂದಾದ ಹಾನಿಯನ್ನು ಹೊರಗಿಟ್ಟಿದ್ದಾರೆಯೇ ಎಂದು ಓದಿ ನೋಡಿ, ಹೆಚ್ಚಿನವರು ಹೊರಗಿಡುತ್ತಾರೆ.

ಉತ್ತರ 2
2015ರಲ್ಲಿ ನಾನು ಯೆಮನ್‌ನ ಸನಾದಲ್ಲಿ ನರ್ಸ್ ಆಗಿದ್ದೆ. ಮಾರ್ಚ್ 26ರಂದು ವೈಮಾನಿಕ ದಾಳಿ ಆರಂಭವಾದಾಗ ನನ್ನ ಪಾಸ್‌ಪೋರ್ಟ್ ಆಸ್ಪತ್ರೆಯವರ ಕಪಾಟಿನಲ್ಲಿತ್ತು. ಅವರು ಒಪ್ಪಿಗೆ ಕೊಡದೆ ನಿರ್ಗಮನ ವೀಸಾ ಸಿಗುವಂತಿರಲಿಲ್ಲ. ಏರ್ ಇಂಡಿಯಾ ವಿಮಾನ ಕಡಲಾಚೆಯ ಆಫ್ರಿಕಾದ ಜಿಬೂಟಿಗೆ ಜನರನ್ನು ಒಯ್ಯುತ್ತಿರುವ ಸುದ್ದಿ ಕೇಳುತ್ತಲೇ ನಾನು ಬಾಕಿ ಸಂಬಳವನ್ನು ಬಿಟ್ಟುಕೊಟ್ಟು ಪಾಸ್‌ಪೋರ್ಟ್ ಬಿಡಿಸಿಕೊಂಡೆ. ಆ ಗಲಭೆಯ ನಡುವೆ ಐದು ದಿನ ನನ್ನ ಫೋನು ಸತ್ತಿತ್ತು. ಅಲ್ಲಿನ ಭಾರತೀಯ ರಾಯಭಾರ ಕಚೇರಿಗೆ ನನ್ನ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ನಾನಿದ್ದ ಹಾಸ್ಟೆಲ್ಲಿನ ಗುರುತು ಮುಟ್ಟಿದ್ದು ಮಂಗಳೂರಿನಲ್ಲಿದ್ದ ನಮ್ಮ ಅಣ್ಣನಿಂದ. ನಿಮ್ಮ ಮನೆಯಲ್ಲಿಯೂ ಅಂಥ ಒಬ್ಬರು ಇರಲಿ. ಪಾಸ್‌ಪೋರ್ಟ್, ವೀಸಾ, ಕರಾರುಗಳ ಪ್ರತಿ, ಜೊತೆಗಾರರ ನಂಬರು ಅವರ ಬಳಿ ಇರಲಿ. ಬಾಣಂತನದ ಹೊತ್ತಿನಲ್ಲಿ ಆ ಹೊಣೆಯನ್ನು ಹೆಂಡತಿಯ ಮೇಲೆ ಹಾಕಬೇಡಿ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ವಲಸೆ ಅನುಮತಿಯ ಮಾತೆತ್ತಿದ ಕೂಡಲೇ ಏಜೆಂಟರು, ‘ಹಾಗಾದರೆ ಬೇರೆಯವರನ್ನು ನೋಡುತ್ತೇವೆ’ ಎಂದರು. ತಮ್ಮನಿಗೆ ಬೇಸರವಾಗಿದೆ. ಕೊಟ್ಟಿದ್ದ ಮುಂಗಡವನ್ನು ಹಿಂದಕ್ಕೆ ಪಡೆಯಲು ನಾಳೆ ನಾನೇ ಹೋಗುತ್ತಿದ್ದೇನೆ.